ಮಕ್ಕಳ ಪರ ನಿಲ್ಲುವ ವಕೀಲರು ಬೇಕಾಗಿದ್ದಾರೆ

ಬಳಗದ ವಕೀಲ ಮಿತ್ರರಿಗೆ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಕಲಬುರಗಿಯ ನಮ್ಮ ಕಚೇರಿಯಲ್ಲಿ ಸೇರೋಣ. ಮಕ್ಕಳ ಪ್ರಕರಣಗಳನ್ನು ಶುಲ್ಕವಿಲ್ಲದೆ ನಡೆಸುವ ಮನಸ್ಸಿರುವ ಕಿರಿಯರು ತಪ್ಪದೆ ಬನ್ನಿ.

ನಾನು 12 ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಹೊಟ್ಟೆಪಾಡು ಜಮೀನಿನ ವ್ಯಾಜ್ಯಗಳಿಂದ ನಡೆಯುತ್ತದೆ. ವಾರದಲ್ಲಿ ಒಂದು ದಿನ ಮಕ್ಕಳಿಗೇ ಮೀಸಲು. ಮೊದಲ ಪ್ರಕರಣ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಯಾದಗಿರಿ ಕಡೆಯ ಹುಡುಗಿ, ಕೈಗೆ ಹಚ್ಚಿದ ಅರಿಶಿನ ಮಾಸಿರಲಿಲ್ಲ. ಮನೆಯವರು ವಯಸ್ಸು 19 ಎಂದರು. ಶಾಲೆಯ ದಾಖಲಾತಿ ಪುಸ್ತಕ ತರಿಸಿದರೆ 15! ಅವಳು ಕೇಳಿದ್ದು ಒಂದೇ ಮಾತು: 'ಸರ್, ನನ್ನ ಪರೀಕ್ಷೆ?' ಮರುವರ್ಷ ಹಾಸ್ಟೆಲಿನಲ್ಲಿದ್ದುಕೊಂಡೇ ಎಸ್ಸೆಸ್ಸೆಲ್ಸಿ ಬರೆದಳು.

2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮನ್ನು ಓದಿಕೊಂಡು ಬನ್ನಿ. ವಯಸ್ಸಿಗೆ ಶಾಲೆಯ ದಾಖಲೆಯೇ ಮೊದಲು. ಅದೂ ಇಲ್ಲದೆ, ಜನನ ಪ್ರಮಾಣಪತ್ರವೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದನ್ನು ವಕೀಲರೇ ಮರೆಯುವುದು ನನಗೆ ತುಂಬಾ ನೋವಿನ ಸಂಗತಿ. ರಕ್ಷಿಸಿದ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಆ ಸಮಿತಿಯಲ್ಲಿ ಕಟಕಟೆ ಇಲ್ಲ, ಎತ್ತರದ ಪೀಠವೂ ಇರಬಾರದು. ಆದ್ದರಿಂದ ಕರಿಕೋಟು ಕಳಚಿಟ್ಟು ಮಗುವಿನ ಪಕ್ಕದಲ್ಲೇ ಕುಳಿತುಕೊಳ್ಳಿ. ಅದು ಬಾಯಿ ಬಿಡುವವರೆಗೆ ಅವಸರ ಮಾಡಬೇಡಿ.

ಮಗುವೊಂದು ಅಪಾಯದಲ್ಲಿದೆ ಎಂದು ತಿಳಿದರೆ ಸಭೆಯವರೆಗೆ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬೀದರ್‌ನಿಂದ ಬರುವವರು ಶುಕ್ರವಾರದೊಳಗೆ ತಿಳಿಸಿ, ರೊಟ್ಟಿ ಊಟಕ್ಕೆ ಹೇಳಿಡಬೇಕು.