ಹಳೆ ಕಾರಿನ ಬ್ರೇಕ್ ವಾಲ್ವ್: ಇನ್ನು ಮುಂದೆ ಹೊಸದೇ ಹಾಕುತ್ತೇವೆ

ಮಾನ್ಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಹಳೆ ಕಾರುಗಳ ಬ್ರೇಕ್ ಪ್ರೊಪೋರ್ಷನಿಂಗ್ ವಾಲ್ವನ್ನು (ಹಿಂದಿನ ಬ್ರೇಕಿಗೆ ಹೋಗುವ ಆಯಿಲ್ ಒತ್ತಡವನ್ನು ಹದ ಮಾಡುವ ಭಾಗ) ಬಿಚ್ಚಿ, ತೊಳೆದು, ಮತ್ತೆ ಕೂರಿಸುವ ಕೆಲಸ ನಿಲ್ಲಿಸುತ್ತಿದ್ದೇವೆ. ಕೆಟ್ಟಿದ್ದರೆ ಹೊಸದೇ ಹಾಕುತ್ತೇವೆ. 'ವಾಲ್ವ್ ತೆಗೆದು ನೇರ ಪೈಪ್ ಕೊಟ್ಬಿಡಿ' ಅಂತ ಕೆಲವರು ಕೇಳುತ್ತಾರೆ. ಅದನ್ನಂತೂ ಮಾಡುವುದಿಲ್ಲ.

ಕಾರಣ ಹೇಳುತ್ತೇವೆ. ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹಿಂಬದಿ ಹಗುರವಾಗುತ್ತದೆ. ಆಗ ಹಿಂದಿನ ಚಕ್ರಕ್ಕೆ ಹೋಗುವ ಒತ್ತಡವನ್ನು ಈ ವಾಲ್ವ್ ತಗ್ಗಿಸುತ್ತದೆ. ಇದಿಲ್ಲದಿದ್ದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗಬಹುದು. ನೇರ ಪೈಪಿನ ಗಾಡಿ ಊರೊಳಗೆ ಚೆನ್ನಾಗೇ ಓಡುತ್ತದೆ, ಅದೇ ಮೋಸ. ಮಳೆಯಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ದನ ಅಡ್ಡ ಬಂದರೆ ಆಗ ಗೊತ್ತಾಗುತ್ತದೆ. ವಾಲ್ವ್ ಜಾಮ್ ಆಗಿದ್ದರೆ ಇನ್ನೊಂದು ತೊಂದರೆ: ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯದೆ ಎಲ್ಲಾ ಹೊರೆ ಮುಂದಿನ ಪ್ಯಾಡ್ ಮೇಲೆ ಬೀಳುತ್ತದೆ.

ತರಕಾರಿ, ಬೆಲ್ಲ ಸಾಗಿಸುವ ವ್ಯಾನಿನವರು ಒಂದು ಮಾತು ಗಮನಿಸಿ. ಕೆಲವು ವ್ಯಾನ್, ಜೀಪುಗಳಲ್ಲಿ ವಾಲ್ವಿಗೂ ಹಿಂದಿನ ಆಕ್ಸಲಿಗೂ ನಡುವೆ ಸ್ಪ್ರಿಂಗ್ ಇರುತ್ತದೆ. ಹಿಂಬದಿ ಎಷ್ಟು ತಗ್ಗಿದೆ ಅನ್ನುವುದರಿಂದ ಲೋಡ್ ಎಷ್ಟಿದೆ ಅಂತ ಅದು ಅಳೆಯುತ್ತದೆ. ನೀವು ಹಿಂದಿನ ಸಸ್ಪೆನ್ಷನ್ನಿಗೆ ಹೆಚ್ಚುವರಿ ಸ್ಪ್ರಿಂಗ್ ಪ್ಲೇಟ್ ಹಾಕಿಸಿ ಹಿಂಬದಿ ಎತ್ತರಿಸಿದ್ದರೆ, ಲೋಡ್ ತುಂಬಿದ್ದರೂ ಗಾಡಿ ಖಾಲಿ ಅಂತ ವಾಲ್ವ್ ತಿಳಿಯುತ್ತದೆ. ಹಿಂದೆ ಬ್ರೇಕ್ ಕಡಿಮೆಯಾಗುತ್ತದೆ. ಪ್ಲೇಟ್ ಹಾಕಿಸಿದ್ದರೆ ಮೊದಲೇ ಹೇಳಿ.

ಗಾಡಿಯನ್ನು ಎರಡು ದಿನ ಬಿಡಬೇಕಾಗುತ್ತದೆ. ತುಕ್ಕು ಹಿಡಿದ ಪೈಪ್ ನಟ್ಟುಗಳು ಬಿಚ್ಚುವಾಗ ಎಷ್ಟೋ ಸಲ ಪೈಪನ್ನೂ ತಿರುಚಿ ಹಾಕುತ್ತವೆ, ಆಗ ಪೈಪೂ ಹೊಸದು ಬೇಕು. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುತ್ತೇವೆ. ಹಳೆ ಆಯಿಲ್ ಉಳಿಸಿ ಅಂತ ದಯವಿಟ್ಟು ಕೇಳಬೇಡಿ. ಅದು ತೇವ ಹೀರುತ್ತದೆ, ಆ ನೀರೇ ವಾಲ್ವನ್ನು ಒಳಗಿನಿಂದ ತಿನ್ನುವುದು. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಆಯಿಲಿಗೆ ಆ ಮಿತಿ ಬರೀ 140. ಅಂದರೆ ಬೇಗ ಕುದಿಯುತ್ತದೆ, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಜೊತೆ ಇಬಿಡಿ (ಮುಂದೆ-ಹಿಂದೆ ಬ್ರೇಕ್ ಹಂಚುವ ವ್ಯವಸ್ಥೆ) ಇರುವ ಕಾರಿನವರಿಗೆ ಈ ಪತ್ರ ಅನ್ವಯಿಸುವುದಿಲ್ಲ. ಅಲ್ಲಿ ಇದನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಕೆಲವು ಹಳೆ ಮಾಡೆಲ್‌ಗಳ ವಾಲ್ವ್ ಸಿಗುವುದು ಕಷ್ಟ. ಬೇರೆ ಗಾಡಿಯದು ಹೊಂದಿಸಿ ಹಾಕುವುದಿಲ್ಲ, ಒತ್ತಡ ತಗ್ಗಿಸುವ ಲೆಕ್ಕ ಒಂದೊಂದು ಗಾಡಿಗೂ ಬೇರೆ. ಹಾಗಾಗಿ ಮೊದಲು ಫೋನ್ ಮಾಡಿ, ಸಾಮಾನು ತರಿಸಿಟ್ಟು ಕರೆಯುತ್ತೇವೆ. ದಸರಾಕ್ಕೆ ಊರಿಂದ ನೆಂಟರು ಬರುವ ಮುಂಚೆ ಕೆಲಸ ಮುಗಿಯಬೇಕೆಂದರೆ ಸ್ವಲ್ಪ ಬೇಗ ಹೇಳಿ. ತೆಗೆದ ಹಳೆ ವಾಲ್ವನ್ನು ಬಿಲ್ಲಿನ ಜೊತೆ ನಿಮಗೇ ಕೊಡುತ್ತೇವೆ.

ಇತಿ,
ನಿಮ್ಮ ಗ್ಯಾರೇಜಿನವರು
ಮೈಸೂರು