ಈ ಭಾನುವಾರ ಹೆಸಿಯಡ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನ ‘ಥಿಯಾಗನಿ’ ಓದೋಣ; ದೇವರುಗಳ ಹುಟ್ಟಿನ ಕಥೆ ಹೇಳುವ ಕಾವ್ಯ. ಸುಮಾರು ಸಾವಿರ ಸಾಲು ಅಷ್ಟೇ, ಹೆದರಬೇಡಿ.

ಹೆಸಿಯಡ್ ಕ್ರಿ.ಪೂ. 700ರ ಆಸುಪಾಸಿನವನು. ಹೆಲಿಕಾನ್ ಬೆಟ್ಟದಡಿ ಕುರಿ ಮೇಯಿಸುತ್ತಿದ್ದಾಗ ಕಾವ್ಯದೇವತೆಯರು ಬಂದು, ಮೊದಲು ಚೆನ್ನಾಗಿ ಬೈದು, ಆಮೇಲೆ ಲಾರೆಲ್ ಮರದ ಕೋಲು ಕೊಟ್ಟರಂತೆ! ಗ್ರೀಕ್ ದೇವರುಗಳ ವಂಶಾವಳಿ ಕಟ್ಟಿಕೊಟ್ಟವರು ಇವನು ಮತ್ತು ಹೋಮರ್ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹೆತ್ತ ಮಕ್ಕಳನ್ನೇ ನುಂಗುವ ಕ್ರೋನಸ್ ದೇವ, ಕೂಸೆಂದುಕೊಂಡು ಬಟ್ಟೆ ಸುತ್ತಿದ ಕಲ್ಲು ನುಂಗುವ ಭಾಗ ತಪ್ಪದೆ ಓದಿಕೊಂಡು ಬನ್ನಿ.

ಅಂದಹಾಗೆ, ತೆರೆದೊಡನೆ ಲೋಕಕ್ಕೆಲ್ಲ ಕಷ್ಟಗಳು ಹರಡಿದವು ಎನ್ನುವ ಪಂಡೋರಾಳ ಪೆಟ್ಟಿಗೆ ಇಲ್ಲಿ ಸಿಗುವುದಿಲ್ಲ. ಆ ಕಥೆಯಿರುವುದು ಇವನದೇ ‘ವರ್ಕ್ಸ್ ಅಂಡ್ ಡೇಸ್’ನಲ್ಲಿ. ಅಲ್ಲೂ ಅದು ಪೆಟ್ಟಿಗೆಯಲ್ಲ, ದೊಡ್ಡ ಮಣ್ಣಿನ ಗುಡಾಣ. ಗುಡಾಣವನ್ನು ತನ್ನ ಬರಹದಲ್ಲಿ ಪೆಟ್ಟಿಗೆ ಮಾಡಿದ್ದು 16ನೇ ಶತಮಾನದ ವಿದ್ವಾಂಸ ಎರಾಸ್ಮಸ್. ಬರುವವರು ಶನಿವಾರದೊಳಗೆ ಹೇಳಿಬಿಡಿ.