ನೀರುನಾಯಿಯ ಹೊಳೆಗೆ ಸಿಕ್ಕ ರಕ್ಷಣೆ ಕೈಜಾರದಿರಲಿ

ಮಾನ್ಯ ಸಂಪಾದಕರೇ,

ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದದ ನದಿಪಾತ್ರವನ್ನು ರಾಜ್ಯ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಒಂದು ಹೊಳೆಯನ್ನು ಕಾಯ್ದಿರಿಸಿದ್ದು ನಮ್ಮ ರಾಜ್ಯದಲ್ಲಿ ಅದೇ ಮೊದಲು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಹೊಳೆದಂಡೆಯಲ್ಲೇ ಹುಟ್ಟಿ ಬೆಳೆದ ನನಗೆ ಆದ ಸಂತೋಷ ಇಂದಿಗೂ ನೆನಪಿದೆ. ಆದರೆ ಈ ರಕ್ಷಣೆ ಯಾರೂ ರದ್ದುಪಡಿಸದೆಯೇ ದಿನದಿನಕ್ಕೆ ಸವೆಯುತ್ತಿದೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಿಕ್ಕವನಿದ್ದಾಗ ಬೆಳಗಿನ ಜಾವ ಗದ್ದೆಗೆ ನೀರು ಕಟ್ಟಲು ಅಪ್ಪನ ಜೊತೆ ಹೋದರೆ, ಹೊಳೆಯ ನಡುವಿನ ಬಂಡೆಗಳ ಮೇಲೆ ಐದಾರು ನೀರುನಾಯಿಗಳ ಒಂದು ಸಂಸಾರವೇ ಮೈ ಒಣಗಿಸಿಕೊಳ್ಳುತ್ತ ಕೂತಿರುತ್ತಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಆಡುವಾಗ ತಾಯಿ ಕತ್ತೆತ್ತಿ ನಮ್ಮನ್ನೇ ನೋಡುತ್ತಿತ್ತು. ಈಗ ವಾರಗಟ್ಟಲೆ ಅದೇ ದಂಡೆಯಲ್ಲಿ ಓಡಾಡಿದರೂ ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಅವುಗಳ ಹಿಕ್ಕೆ ಕಂಡರೆ ಅದೇ ದೊಡ್ಡದು. ಒಬ್ಬ ರೈತನ ಕಣ್ಣಿಗೆ ಬಿದ್ದದ್ದನ್ನು ಲೆಕ್ಕವೆಂದು ಒಪ್ಪಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಪ್ರತಿ ಬೇಸಿಗೆಯಲ್ಲಿ, ನೀರಿಳಿದು ಬಂಡೆಗಳು ತೆರೆದುಕೊಂಡಾಗ, ಕ್ರಮಬದ್ಧವಾದ ಗಣತಿಯೊಂದು ನಡೆದು ಅದರ ಫಲಿತಾಂಶ ಊರವರಿಗೆ ಕನ್ನಡದಲ್ಲಿ ತಿಳಿಯಬೇಕು ಎಂಬುದಷ್ಟೇ ನನ್ನ ಕೇಳಿಕೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಸಿಡಿಮದ್ದು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಆಳವಾದ ಮಡುವೊಂದರ ಕಡೆಯಿಂದ ಸದ್ದು ಕೇಳಿ ಓಡಿಹೋದೆ. ನಾನು ತಲುಪುವಷ್ಟರಲ್ಲಿ ಮದ್ದು ಹಾಕಿದವರು ಕೈಗೆ ಸಿಕ್ಕಷ್ಟು ದೊಡ್ಡ ಮೀನುಗಳನ್ನು ತುಂಬಿಕೊಂಡು ಹೋಗಿಯಾಗಿತ್ತು; ಬೆರಳುದ್ದದ ಮರಿಗಳು ಮಾತ್ರ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತೇಲಿದ್ದಕ್ಕಿಂತ ಎಷ್ಟೋ ಹೆಚ್ಚು ಮೀನು ತಳಕ್ಕೆ ಇಳಿದು ಅಲ್ಲೇ ಕೊಳೆಯುತ್ತದೆ ಎಂಬುದನ್ನು ಬಲೆ ಬೀಸಿ ಬದುಕುವ ಯಾವ ಬೆಸ್ತರನ್ನು ಕೇಳಿದರೂ ಹೇಳುತ್ತಾರೆ. ಒಂದು ನೀರುನಾಯಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಮೀನು ಬೇಕು. ಮದ್ದು ಬಿದ್ದ ಮಡುವಿನಲ್ಲಿ ಅದಕ್ಕೂ ಮೀನಿಲ್ಲ, ಬೆಸ್ತರಿಗೂ ಮೀನಿಲ್ಲ. ನೀರುನಾಯಿ ಬಲೆ ಹರಿಯುತ್ತದೆ ಎಂಬ ದೂರು ಮೀನುಗಾರರಲ್ಲಿ ಇರುವುದು ನಿಜ, ಹರಿದ ಬಲೆಯ ನಷ್ಟವೂ ಸಣ್ಣದಲ್ಲ. ಆದರೆ ಅವರ ಹೊಟ್ಟೆಯ ಮೇಲೆ ನಿಜವಾಗಿ ಹೊಡೆಯುತ್ತಿರುವವರು ಮದ್ದು ಹಾಕುವವರೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಲ್ಲಿ ಕಾನೂನಿನ ಒಂದು ಮಾತನ್ನು ಓದುಗರ ಗಮನಕ್ಕೆ ತರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಮೂಲಕ ಸೇರಿದ 36ಎ ಕಲಮಿನ ಅಡಿಯಲ್ಲಿ ಇಂಥ ಮೀಸಲು ಪ್ರದೇಶಗಳು ಘೋಷಣೆಯಾಗುತ್ತವೆ. ಸರ್ಕಾರಕ್ಕೆ ಸೇರಿದ ಜಾಗವನ್ನು ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆ ಹೀಗೆ ಕಾಯ್ದಿರಿಸಬಹುದು. ವನ್ಯಜೀವಿಧಾಮಕ್ಕೆ ಅನ್ವಯಿಸುವ ಎಲ್ಲ ನಿರ್ಬಂಧಗಳೂ ಇಲ್ಲಿಗೆ ಅನ್ವಯಿಸುವುದಿಲ್ಲ, ಆದರೆ ರಾಸಾಯನಿಕ ಮತ್ತು ಸ್ಫೋಟಕಗಳ ಬಳಕೆಯನ್ನು ನಿಷೇಧಿಸುವ 32ನೇ ಕಲಮು ಅನ್ವಯಿಸುತ್ತದೆ. ಅಂದರೆ ಮದ್ದು ಹಾಕುವುದನ್ನು ತಡೆಯಲು ಹೊಸ ಕಾನೂನೇನೂ ಬೇಕಾಗಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಸಂಜೆ ಮತ್ತು ನಸುಕಿನಲ್ಲಿ ಹರಿಗೋಲಿನಲ್ಲಿ ಗಸ್ತು ತಿರುಗುವ ಕಾವಲುಗಾರರು ಬೇಕು, ಸದ್ದು ಕೇಳಿದ ಊರವರು ಯಾರಿಗೆ ತಿಳಿಸಬೇಕು ಎಂಬುದು ಗೊತ್ತಿರಬೇಕು. ಅಂದು ಸಂಜೆ ನನಗೆ ಅದು ಗೊತ್ತಿರಲಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೊಂದು ವ್ಯತ್ಯಾಸವಿದೆ, ನನ್ನ ಆತಂಕದ ಮೂಲವೂ ಅದೇ. ವನ್ಯಜೀವಿಧಾಮವೊಂದರ ಗಡಿಯನ್ನು ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕೇ ಬೇಕು. ಸಂರಕ್ಷಣಾ ಮೀಸಲು ಪ್ರದೇಶದ ಕಲಮಿನಲ್ಲಿ ಅಂಥ ಭದ್ರವಾದ ಬೇಲಿ ಕಾಣುವುದಿಲ್ಲ. ಮುಂದೊಂದು ದಿನ ಈ ಹೊಳೆಯಲ್ಲಿ ನೀರುನಾಯಿಯೇ ಉಳಿದಿಲ್ಲ, ಇನ್ನು ಮೀಸಲು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಉತ್ತರಿಸಲು ನಮ್ಮ ಬಳಿ ಗಣತಿಯಾದರೂ ಇರಬೇಕಲ್ಲವೇ?

ಮೀಸಲು ಪ್ರದೇಶದ ನಿರ್ವಹಣೆಗೆ ಸಲಹೆ ನೀಡಲು ಸಮಿತಿಯೊಂದಿರಬೇಕು ಎಂದು 36ಬಿ ಕಲಮು ಹೇಳುತ್ತದೆ. ಅದರಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿಯ ಜೊತೆಗೆ, ವ್ಯಾಪ್ತಿಯಲ್ಲಿ ಬರುವ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ವನ್ಯಜೀವಿ ಸಂಘಟನೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು ಇರಬೇಕು. ಮೀನುಗಾರಿಕೆ ಇಲಾಖೆಯ ಹೆಸರು ಈ ಪಟ್ಟಿಯಲ್ಲಿಲ್ಲ. ಹೊಳೆಯೊಂದರ ವಿಷಯದಲ್ಲಿ ಇದು ದೊಡ್ಡ ಕೊರತೆಯೇ. ಆದ್ದರಿಂದ ಎರಡೂ ದಂಡೆಗಳ ಪಂಚಾಯಿತಿಗಳು ತಮ್ಮ ಪ್ರತಿನಿಧಿಯಾಗಿ ಸಾಧ್ಯವಾದಷ್ಟು ಮಟ್ಟಿಗೆ ಮೀನುಗಾರರನ್ನೇ ಕಳಿಸಬೇಕು, ಮೀನುಗಾರಿಕೆ ಅಧಿಕಾರಿಗಳನ್ನು ಪ್ರತಿ ಸಭೆಗೂ ಆಹ್ವಾನಿಸಬೇಕು, ಸಭೆಯ ದಿನಾಂಕ ಮತ್ತು ನಡಾವಳಿಗಳು ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟವಾಗಬೇಕು.

ಹಳ್ಳಗಳ ಬಗ್ಗೆಯೂ ಹೇಳದಿದ್ದರೆ ಮಾತು ಪೂರ್ಣವಾಗದು. ಹೊಳೆಗೆ ನೀರು ಹೆಚ್ಚಾಗಿ ಬಿಟ್ಟು ಕಂಪ್ಲಿಯ ಸೇತುವೆ ಮುಳುಗಿದಾಗ ನೀರುನಾಯಿಗಳು ಮರಿಗಳೊಡನೆ ಹಳ್ಳಗಳ ಬಾಯಿಯ ಜೊಂಡಿನಲ್ಲಿ, ಮರದ ಬೇರುಗಳ ಪೊಟರೆಗಳಲ್ಲಿ ಆಶ್ರಯ ಪಡೆಯುವುದನ್ನು ನಾನು ಕಂಡಿದ್ದೇನೆ. ನಮ್ಮ ಭತ್ತದ ಗದ್ದೆಗಳ ಬಸಿನೀರು ಔಷಧಿಯ ಸಮೇತ ಹರಿದು ಬರುವುದೂ ಅದೇ ಹಳ್ಳಗಳಲ್ಲಿ. ಈ ತಪ್ಪಿನಲ್ಲಿ ರೈತರಾದ ನಮ್ಮ ಪಾಲೂ ಇದೆ. ಹಳ್ಳದ ಎರಡೂ ಬದಿಯ ಜೊಂಡನ್ನು ಸುಡದೆ ಕೆಲವು ಮಾರು ಅಗಲ ಹಾಗೆಯೇ ಬಿಡುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಹಳ್ಳಗಳು ಹೊಳೆಯನ್ನು ಸೇರುವ ಸರ್ಕಾರಿ ಜಾಗಗಳನ್ನು ಮೀಸಲಿನ ನಕ್ಷೆಯೊಳಗೆ ಸ್ಪಷ್ಟವಾಗಿ ಗುರುತಿಸುವುದು ಸರ್ಕಾರದ ಕೆಲಸ.

ಇದೆಲ್ಲ ಆಗದ ಮಾತು ಎನ್ನುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ಒಮ್ಮೆ ನೋಡಿ ಬರಬೇಕು. ಅದೂ ಇದೇ ಕಾಯ್ದೆಯಡಿಯ ಸಂರಕ್ಷಣಾ ಮೀಸಲು ಪ್ರದೇಶ, ತುಂಗಭದ್ರೆಯ ಹಿನ್ನೀರಿಗೆ ಹತ್ತಿರದಲ್ಲೇ ಇರುವ ಒಂದು ಕೆರೆ. ಊರವರು ಹಕ್ಕಿಗಳನ್ನು ತಮ್ಮವೆಂದುಕೊಂಡು ಕಾಯ್ದರು. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನೀರುನಾಯಿಯ ಮಹತ್ವವನ್ನು ಜಗತ್ತು ಅರಿಯದೇ ಇಲ್ಲ. ನಮ್ಮ ಹೊಳೆಯಲ್ಲಿರುವ ಈ ಜಾತಿಯನ್ನು 2019ರಲ್ಲಿ, ಭಾರತವೂ ಸೇರಿ ಮಂಡಿಸಿದ ಪ್ರಸ್ತಾವದ ಮೇಲೆ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ತನ್ನ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಆ ತೀರ್ಮಾನವಾದ ಜಿನೀವಾ ಸಭೆಯಲ್ಲಿ ನೀರುನಾಯಿಯ ಪರವಾಗಿ ನಿಂತ ದೇಶದೊಳಗೆ, ಆನೆಗೊಂದಿಯ ಮಡುವಿನಲ್ಲೂ ಅದಕ್ಕೆ ಅಷ್ಟೇ ಅಭಯ ಸಿಗಬೇಕು.

ಬರುವ ಬೇಸಿಗೆಗೆ ಹೆಚ್ಚು ದಿನವಿಲ್ಲ. ನದಿಯಲ್ಲಿ ನೀರಿಳಿದು ಮಡುಗಳು ಬಿಡಿಬಿಡಿಯಾಗುವ ಮೊದಲೇ ಗಸ್ತು ಆರಂಭವಾಗುವಂತೆ, ದೂರು ನೀಡುವ ದೂರವಾಣಿ ಸಂಖ್ಯೆಯನ್ನು ಎರಡೂ ದಂಡೆಯ ಪ್ರತಿ ಊರಿನಲ್ಲಿ ಬರೆಸುವಂತೆ ಕೊಪ್ಪಳ, ವಿಜಯನಗರ ಮತ್ತು ಬಳ್ಳಾರಿ ಜಿಲ್ಲಾಡಳಿತಗಳನ್ನೂ ಅರಣ್ಯ ಇಲಾಖೆಯನ್ನೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಹೊಳೆದಂಡೆಯ ಒಬ್ಬ ರೈತ
ಕಂಪ್ಲಿ ತಾಲ್ಲೂಕು, ಬಳ್ಳಾರಿ ಜಿಲ್ಲೆ